ಅವಿರೋಧದಿಂದ ಎಂಬತ್ತೊಂಬತ್ತರವರೆಗೆ: ಮಂಜೇಶ್ವರದ ಶಾಸಕರ ಲೆಕ್ಕ

ನಾನು ಸಾಹಿತಿಯಲ್ಲ, ಇತಿಹಾಸದ ಪ್ರಾಧ್ಯಾಪಕನೂ ಅಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಜೀವಮಾನದಲ್ಲಿ ನಾನು ಕಲಿತ ವಿದ್ಯೆ ಒಂದೇ: ಸಂಜೆಯಾಗುವಾಗ ಜಮೆ ಮತ್ತು ಖರ್ಚು ಎರಡೂ ಬದಿ ಸರಿ ಹೊಂದಬೇಕು. ಹೊಂದದಿದ್ದರೆ ಮನೆಗೆ ಹೋಗುವಂತಿಲ್ಲ. ಒಂದು ರೂಪಾಯಿ ವ್ಯತ್ಯಾಸಕ್ಕಾಗಿ ರಾತ್ರಿ ಒಂಬತ್ತರ ತನಕ ಪುಸ್ತಕ ತಿರುವಿದ ದಿನಗಳು ನನಗೆ ನೆನಪಿವೆ. ಕಂಪ್ಯೂಟರ್ ಬಂದ ಮೇಲೆ ಆ ಕಷ್ಟ ಹೋಯಿತು, ಆದರೆ ಆ ಚಾಳಿ ಹೋಗಲಿಲ್ಲ. ಅದೇ ಚಾಳಿಯಿಂದ ಇಂದು ನಮ್ಮ ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಖಾತೆಯನ್ನು ತಮ್ಮ ಮುಂದೆ ಬಿಡಿಸಿಡುತ್ತೇನೆ. 1957ರಿಂದ 2021ರವರೆಗಿನ ಲೆಕ್ಕ. ತಾವು ಸೊಲ್ಲಾಪುರದಲ್ಲಿರಬಹುದು, ತಾಳವಾಡಿಯಲ್ಲಿರಬಹುದು, ಆದವಾನಿಯಲ್ಲಿರಬಹುದು. ಊರು ಬೇರೆಯಾದರೂ ಈ ಖಾತೆಯ ಕೆಲವು ಪುಟಗಳು ತಮ್ಮ ಊರಿನದೇ ಎಂದು ತಮಗೆ ಅನ್ನಿಸೀತು.

ಮೊದಲು ಊರಿನ ಪರಿಚಯ. ಕೇರಳದ 140 ವಿಧಾನಸಭಾ ಕ್ಷೇತ್ರಗಳಲ್ಲಿ ಒಂದನೆಯ ನಂಬರಿನದು ಮಂಜೇಶ್ವರ. ಉತ್ತರದಲ್ಲಿ ತಲಪಾಡಿಯ ಗಡಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಪೂರ್ವಕ್ಕೆ ಅಡಕೆ ತೋಟಗಳು ಮತ್ತು ಕಲ್ಲುಪಾರೆಯ ಗುಡ್ಡಗಳು. 2008ರ ಕ್ಷೇತ್ರ ವಿಂಗಡಣೆಯ ಪ್ರಕಾರ ಮಂಜೇಶ್ವರ, ವರ್ಕಾಡಿ, ಮೀಂಜ, ಪೈವಳಿಕೆ, ಮಂಗಲ್ಪಾಡಿ, ಕುಂಬಳೆ, ಪುತ್ತಿಗೆ, ಎಣ್ಮಕಜೆ ಎಂಬ ಎಂಟು ಪಂಚಾಯತುಗಳು ಇದರೊಳಗೆ ಬರುತ್ತವೆ. ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು ಬಾಳಿ ಬದುಕಿದ ಊರು ಇದು. ಮಂಗಳೂರಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಮ್ಮ ರಾಜಧಾನಿ ತಿರುವನಂತಪುರಕ್ಕೆ ರೈಲಿನಲ್ಲಿ ಒಂದು ಇಡೀ ರಾತ್ರಿ. ಮನೆಯೊಳಗೆ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಬ್ಯಾರಿ, ಮಲಯಾಳ, ಕೊಂಕಣಿ, ಸರಕಾರಿ ಕಾಗದದಲ್ಲಿ ಮಲಯಾಳ ಮತ್ತು ಇಂಗ್ಲಿಷ್. ಹೀಗೆ ಒಬ್ಬನೇ ಮನುಷ್ಯ ಬೆಳಗಿನಿಂದ ಸಂಜೆಯೊಳಗೆ ನಾಲ್ಕು ಭಾಷೆ ಆಡುವುದು ಇಲ್ಲಿ ವಿಶೇಷವೇ ಅಲ್ಲ.

1956ರ ತನಕ ಇದು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕಿಗೆ ಸೇರಿತ್ತು. 1953ರಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ, ಕುಂಜ್ರು ಮತ್ತು ಪಣಿಕ್ಕರ್ ಅವರು ಸದಸ್ಯರಾಗಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರಲ್ಲಿ ಅದು ಕೊಟ್ಟ ವರದಿಯಲ್ಲಿ ಕಾಸರಗೋಡು ತಾಲೂಕನ್ನು ಇಡಿಯಾಗಿ ಕೇರಳಕ್ಕೆ ಸೇರಿಸಬೇಕೆಂದಿತ್ತು. 1956ರ ನವೆಂಬರ್ 1ರಂದು ಹಾಗೆಯೇ ಆಯಿತು. ಅಂದು ಕನ್ನಡ ನಾಡೆಲ್ಲ ಹಬ್ಬ ಮಾಡಿದ ದಿನ. ನಮ್ಮ ಹಿರಿಯರ ಮನೆಗಳಲ್ಲಿ ಆ ದಿನ ಹಬ್ಬವಿರಲಿಲ್ಲ. ಕೈಯಾರ ಕಿಞ್ಞಣ್ಣ ರೈಗಳಂಥವರು ಕಾಸರಗೋಡನ್ನು ಕನ್ನಡ ನಾಡಿಗೆ ಸೇರಿಸಲು ಬದುಕಿಡೀ ಹೋರಾಡಿದ ಕಥೆ ತಮಗೆ ತಿಳಿದೇ ಇದೆ. ನಾನು ಹೇಳಹೊರಟದ್ದು ಆ ಹೋರಾಟ ಮತಪೆಟ್ಟಿಗೆಯ ಒಳಗೆ ಏನಾಯಿತು ಎಂಬುದನ್ನು.

ಖಾತೆಯ ಮೊದಲ ಪುಟ 1957ರದು. ಕೇರಳ ರಾಜ್ಯ ಹುಟ್ಟಿ ನಾಲ್ಕು ತಿಂಗಳಾಗಿತ್ತು, ಅಷ್ಟೇ. ವಿಧಾನಸಭೆಯ 126 ಸ್ಥಾನಗಳಿಗೆ ಚುನಾವಣೆ ಬಂತು. ಆ ಚುನಾವಣೆಯಿಂದ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಮಂತ್ರಿಮಂಡಲ ಬಂದದ್ದನ್ನು ಜಗತ್ತೇ ಬಲ್ಲದು. ಆದರೆ ಅದೇ ಚುನಾವಣೆಯಲ್ಲಿ ಮಂಜೇಶ್ವರದಲ್ಲಿ ನಡೆದದ್ದನ್ನು ಬಲ್ಲವರು ಕಡಿಮೆ. ಇಲ್ಲಿ ಎಂ. ಉಮೇಶ ರಾಯರು ಪಕ್ಷೇತರರಾಗಿ ನಿಂತರು, ಅವಿರೋಧವಾಗಿ ಗೆದ್ದರು. ಮತದಾನ ನಡೆಯಲೇ ಇಲ್ಲ. ಹೊಸ ರಾಜ್ಯದ ಮೊಟ್ಟಮೊದಲ ವಿಧಾನಸಭೆಗೆ ಎದುರಾಳಿಯೇ ಇಲ್ಲದೆ ಹೋದವರು, ಆ ರಾಜ್ಯ ತಮಗೆ ಬೇಡವೆಂದು ಹೇಳುತ್ತಿದ್ದ ಊರಿನ ಪ್ರತಿನಿಧಿ. ಇದನ್ನು ಯೋಚಿಸಿದಾಗಲೆಲ್ಲ ನನಗೆ ವಿಚಿತ್ರವೆನಿಸುತ್ತದೆ. ಮತಗಳ ಕಾಲಮಿನಲ್ಲಿ ಬರೆಯಲು ಅಂಕಿಯೇ ಇಲ್ಲದ ಈ ಪುಟ, ಇಡೀ ಖಾತೆಯಲ್ಲಿ ಜನರು ಒಂದೇ ಮಾತನ್ನು ಆಡಿದ ಒಂದೇ ಪುಟ.

1959ರ ಜುಲೈ 31ರಂದು ಕೇಂದ್ರ ಸರಕಾರ ಆ ಮಂತ್ರಿಮಂಡಲವನ್ನು ವಜಾ ಮಾಡಿತು. 1960ರ ಫೆಬ್ರವರಿ 1ರಂದು ಮರುಚುನಾವಣೆ. ಈ ಸಲ ಗೆದ್ದವರು ಕರ್ನಾಟಕ ಸಮಿತಿಯ ನಾಯಕ ಕಳ್ಳಿಗೆ ಮಹಾಬಲ ಭಂಡಾರಿಯವರು. 1965ರಲ್ಲಿ ಮತ್ತೆ ಅವರೇ. ಆದರೆ ಆ ವರ್ಷ ಯಾವ ಪಕ್ಷಕ್ಕೂ ಬಹುಮತ ಬಾರದೆ ವಿಧಾನಸಭೆ ಕೂಡಲೇ ಇಲ್ಲ. ಗೆದ್ದವರು ಗೆದ್ದ ಹಾಗೆಯೇ ಮನೆಯಲ್ಲಿ ಕೂತರು. 1967ರಲ್ಲಿ ಮೂರನೆಯ ಸಲ ಭಂಡಾರಿಯವರೇ ಗೆದ್ದರು. ಅದೇ ವರ್ಷ ಪಕ್ಕದ ಕಾಸರಗೋಡು ಕ್ಷೇತ್ರದಿಂದಲೂ ವಿಲೀನವಾದಿ ಯು.ಪಿ. ಕುಣಿಕುಳ್ಳಾಯರು ಪಕ್ಷೇತರರಾಗಿ ಆರಿಸಿ ಬಂದರು. ಎರಡು ಕ್ಷೇತ್ರ, ಇಬ್ಬರೂ ಕನ್ನಡದ ಹೆಸರಿನಲ್ಲಿ ಗೆದ್ದವರು.

1967ಕ್ಕೆ ಇನ್ನೊಂದು ಮಹತ್ವವೂ ಇದೆ. 1966ರಲ್ಲಿ ಕೇಂದ್ರ ಸರಕಾರ ಸುಪ್ರೀಂ ಕೋರ್ಟಿನ ಮಾಜಿ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಆಯೋಗವನ್ನು ನೇಮಿಸಿತ್ತು. ಬೆಳಗಾವಿಯ ತಂಟೆಯ ಜೊತೆಗೆ ಕಾಸರಗೋಡಿನ ಪ್ರಶ್ನೆಯೂ ಅದರ ಮುಂದೆ ಬಂತು. 1967ರ ಆಗಸ್ಟಿನಲ್ಲಿ ಬಂದ ವರದಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಹೇಳಿತು. ಮಂಜೇಶ್ವರ ಇಡಿಯಾಗಿ ಹೊಳೆಯ ಉತ್ತರಕ್ಕಿದೆ. ನಮ್ಮ ಹಿರಿಯರು ಗೆದ್ದೆವೆಂದುಕೊಂಡರು. ವರದಿ ಜಾರಿಗೆ ಬರಲಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಚೆಕ್ಕು ಕೈಗೆ ಬಂತು, ಸಹಿಯೂ ಇತ್ತು, ಹಣ ಮಾತ್ರ ಸಿಗಲಿಲ್ಲ.

ಹಣ ಸಿಗದ ಚೆಕ್ಕನ್ನು ಎಷ್ಟು ದಿನ ಜೇಬಿನಲ್ಲಿಟ್ಟು ತಿರುಗುವುದು? 1970ರ ಸೆಪ್ಟೆಂಬರಿನ ಚುನಾವಣೆಯಲ್ಲಿ ಮಂಜೇಶ್ವರ ಬೇರೆ ದಾರಿ ಹಿಡಿಯಿತು. ಗೆದ್ದವರು ಭಾರತ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರು. ಇದಕ್ಕೆ ಕಾರಣವನ್ನು ಬರೀ ನಿರಾಸೆಯಲ್ಲಿ ಹುಡುಕಬಾರದು. ಅದೇ 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗಿತ್ತು. ವರ್ಷ ವರ್ಷವೂ ಧನಿಗಳ ಮನೆಗೆ ಗೇಣಿ ಹೊತ್ತು ಹಾಕುತ್ತಿದ್ದ ಒಕ್ಕಲು ತಾನು ಉಳುವ ನೆಲ ತನ್ನದಾಗುತ್ತದೆ ಎಂಬ ಮಾತು ಕೇಳಿದ. ಕನ್ನಡ ಬೇಕೇ ಎಂದು ಕೇಳಿದರೆ ಅವನು ಬೇಕೆಂದೇ ಹೇಳುತ್ತಿದ್ದ. ಆದರೆ ಹೊಟ್ಟೆಯ ಪ್ರಶ್ನೆ ಭಾಷೆಯ ಪ್ರಶ್ನೆಯ ಪಕ್ಕದಲ್ಲಿ ಬಂದು ಕೂತಾಗ ಅವನು ಎರಡನ್ನೂ ತೂಗಿ ನೋಡಬೇಕಾಯಿತು. ಅವನನ್ನು ಭಾಷಾದ್ರೋಹಿ ಎಂದವರು ನನ್ನ ಬಂಧುಗಳಲ್ಲೇ ಇದ್ದರು. ಅವರ ಪೈಕಿ ಯಾರೂ ಗೇಣಿ ಹೊತ್ತವರಲ್ಲ ಎಂಬುದನ್ನು ನಾನು ದೊಡ್ಡವನಾದ ಮೇಲೆ ಗಮನಿಸಿದೆ.

ಆ ವಿಧಾನಸಭೆ ತುರ್ತು ಪರಿಸ್ಥಿತಿಯ ದೆಸೆಯಿಂದ 1977ರವರೆಗೆ ಎಳೆಯಿತು. 1977ರಲ್ಲಿ ರಾಮಪ್ಪನವರು ಎರಡನೆಯ ಸಲ ಗೆದ್ದರು. 1970ರ ಬಳಿಕ 2021ರವರೆಗೆ ವಿಲೀನವೊಂದನ್ನೇ ಮುಂದಿಟ್ಟು ಗೆದ್ದ ಶಾಸಕರು ಈ ಕ್ಷೇತ್ರದಲ್ಲಿ ಯಾರೂ ಇಲ್ಲ. ಪಕ್ಷಗಳು ಬಂದವು, ಪಕ್ಷಗಳೇ ಉಳಿದವು.

ಇನ್ನು ನನ್ನ ಕಣ್ಣಾರೆ ಕಂಡ ಕಾಲ. ಆಗ ಮತದಾನದ ವಯಸ್ಸು 21. ನನ್ನ ಮೊದಲ ಮತ 1980ರ ಜನವರಿಯಲ್ಲಿ. ಕೆಲಸಕ್ಕೆ ಸೇರಿದ ಹೊಸತು, ಹೊಸ ಬಿಳಿ ಅಂಗಿ ಹಾಕಿ ಶಾಲೆಯ ಜಗಲಿಯಲ್ಲಿ ಸಾಲು ನಿಂತಿದ್ದೆ. ಕಣದಲ್ಲಿ ಭಾರತ ಕಮ್ಯುನಿಸ್ಟ್ ಪಕ್ಷದ ಡಾ. ಎ. ಸುಬ್ಬರಾಯರು ಮತ್ತು ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಅವರು ಪ್ರಮುಖರು. ಸುಬ್ಬರಾಯರು ವೈದ್ಯರು, 1958ರಿಂದ 1964ರ ತನಕ ರಾಜ್ಯಸಭೆಯಲ್ಲಿದ್ದವರು. ಲೆಕ್ಕ ಮುಗಿದಾಗ ಅವರು ಇನ್ನೂರಕ್ಕೂ ಕಡಿಮೆ ಮತಗಳಿಂದ ಗೆದ್ದರು. ಇ.ಕೆ. ನಾಯನಾರರ ಮೊದಲ ಮಂತ್ರಿಮಂಡಲದಲ್ಲಿ ನೀರಾವರಿ ಮಂತ್ರಿಯಾದರು. ಮಂಜೇಶ್ವರದ ಶಾಸಕರೊಬ್ಬರು ಮಂತ್ರಿಯಾದದ್ದು ಅದೇ ಮೊದಲು. 1982ರ ಮೇ ತಿಂಗಳಿನಲ್ಲಿ ಮತ್ತೆ ಚುನಾವಣೆ, ಮತ್ತೆ ಸುಬ್ಬರಾಯರು, ಮತ್ತೆ ಇನ್ನೂರರೊಳಗಿನ ಅಂತರ. ಅದೇ ಚುನಾವಣೆಯಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ದೇಶದಲ್ಲೇ ಮೊದಲ ಬಾರಿಗೆ ಮತಯಂತ್ರ ಇಟ್ಟಿದ್ದರು. ನಮಗೆ ಅದು ಕಥೆಯಂತೆ ಕೇಳಿಸಿತು. ನಾವಿನ್ನೂ ಚೀಟಿಯ ಮೇಲೆ ಮುದ್ರೆ ಒತ್ತಿ ಮಡಚಿ ಹಾಕುತ್ತಿದ್ದೆವು.

1984ರ ಮೇ 24ರಂದು ಕಣ್ಣೂರು ಜಿಲ್ಲೆಯಿಂದ ಬೇರ್ಪಟ್ಟು ಕಾಸರಗೋಡು ಜಿಲ್ಲೆ ಹುಟ್ಟಿತು. ಒಂದು ಸಣ್ಣ ಕೆಲಸಕ್ಕೂ ಕಣ್ಣೂರಿಗೆ ಹೋಗುತ್ತಿದ್ದವರಿಗೆ ಉಪಕಾರವಾಯಿತು. ಈ ತಾರೀಕನ್ನು ತಾವು ನೆನಪಿಡಬೇಕು. ಕೊನೆಯಲ್ಲಿ ಇದು ಇನ್ನೊಮ್ಮೆ ಬರುತ್ತದೆ.

ಈಗ ಈ ಖಾತೆಯಲ್ಲಿ ಅತಿ ಹೆಚ್ಚು ಪುಟ ತುಂಬಿದ ಹೆಸರಿಗೆ ಬರೋಣ: ಚೆರ್ಕಳಂ ಅಬ್ದುಲ್ಲ. 1942ರಲ್ಲಿ ಹುಟ್ಟಿದವರು. ಕಾಸರಗೋಡಿನಿಂದ ಪೂರ್ವಕ್ಕೆ, ಜಾಲ್ಸೂರಿನ ದಾರಿ ಹೆದ್ದಾರಿಯಿಂದ ಕವಲೊಡೆಯುವ ಚೆರ್ಕಳ ಅವರ ಊರು. ಹೆಸರಿನ ಮುಂದೆ ನಿಂತದ್ದೂ ಅದೇ ಊರು. 1980ರಲ್ಲಿ ಅಷ್ಟು ಸಣ್ಣ ಅಂತರದಲ್ಲಿ ಸೋತ ಮನುಷ್ಯ ಏಳು ವರ್ಷ ಕಾದರು. 1987ರಲ್ಲಿ ಗೆದ್ದರು. 1991ರಲ್ಲಿ ಭಾರತೀಯ ಜನತಾ ಪಕ್ಷದ ರಾಜ್ಯಮಟ್ಟದ ನಾಯಕ ಕೆ.ಜಿ. ಮಾರಾರರೇ ಇಲ್ಲಿಗೆ ಬಂದು ನಿಂತರು. ಚೆರ್ಕಳಂ 1,072 ಮತಗಳಿಂದ ಪಾರಾದರು. 1996ರಲ್ಲಿ ಅಂತರ 2,292. 2001ರಲ್ಲಿ ಸಿ.ಕೆ. ಪದ್ಮನಾಭನ್ ಅವರನ್ನು 13,188 ಮತಗಳಿಂದ ಸೋಲಿಸಿ ನಾಲ್ಕನೆಯ ಸಲ ಶಾಸಕರಾದರು, ಎ.ಕೆ. ಆಂಟನಿಯವರ ಮಂತ್ರಿಮಂಡಲದಲ್ಲಿ ಸ್ಥಳೀಯ ಆಡಳಿತದ ಮಂತ್ರಿಯೂ ಆದರು. ಪಂಚಾಯತುಗಳೆಲ್ಲ ಆ ಖಾತೆಯ ಕೆಳಗೆ ಬರುತ್ತವೆ. ಸತತ ನಾಲ್ಕು ಸಲ ಈ ಕ್ಷೇತ್ರದಿಂದ ಗೆದ್ದವರು ಅವರೊಬ್ಬರೇ.

ಒಬ್ಬ ಶಾಸಕ ಹತ್ತೊಂಬತ್ತು ವರ್ಷ ಉಳಿದ ಗುಟ್ಟೇನು ಎಂದು ತಾವು ಕೇಳಬಹುದು. ಗುಟ್ಟು ಲೆಕ್ಕದಲ್ಲೇ ಇದೆ. 1987ರಿಂದ ಮಂಜೇಶ್ವರದಲ್ಲಿ ಮೂರು ಕಾಲಿನ ಸ್ಪರ್ಧೆ: ಒಂದು ಕಡೆ ಲೀಗ್, ಇನ್ನೊಂದು ಕಡೆ ಭಾರತೀಯ ಜನತಾ ಪಕ್ಷ, ಮತ್ತೊಂದು ಕಡೆ ಎಡಪಕ್ಷಗಳು. ನಮ್ಮ ಚುನಾವಣಾ ಪದ್ಧತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಬೇಕೆಂದಿಲ್ಲ, ಉಳಿದವರಿಗಿಂತ ಒಂದು ಹೆಚ್ಚಿದ್ದರೆ ಸಾಕು. ಮೂವರೂ ಬಲವುಳ್ಳವರಾದಾಗ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಬಂದವನೇ ಶಾಸಕ. ಇಂಥ ಕಡೆ ಮೂರನೆಯವನ ಮತ ಎತ್ತ ವಾಲುತ್ತದೆ ಎಂಬುದರ ಮೇಲೆ ಮೊದಲಿನವನ ಹಣೆಬರಹ ನಿಂತಿರುತ್ತದೆ.

2006ರಲ್ಲಿ ಅದು ವಾಲಿತು. ಮಾರ್ಕ್ಸಿಸ್ಟ್ ಪಕ್ಷದ ಸಿ.ಎಚ್. ಕುಂಞಂಬು 39,242 ಮತ ಪಡೆದು ಗೆದ್ದರು. ಎರಡನೆಯವರು ಭಾರತೀಯ ಜನತಾ ಪಕ್ಷದ ಎಂ. ನಾರಾಯಣ ಭಟ್ಟರು, 34,413. ನಾಲ್ಕು ಸಲದ ಶಾಸಕ, ಮಾಜಿ ಮಂತ್ರಿ ಚೆರ್ಕಳಂ 34,113 ಮತಗಳೊಂದಿಗೆ ಮೂರನೆಯ ಸ್ಥಾನಕ್ಕೆ ಹೋದರು. ಐದು ವರ್ಷ ಹಿಂದೆ 13 ಸಾವಿರದ ಮೇಲೆ ಅಂತರ ಕೊಟ್ಟಿದ್ದ ಅದೇ ಜನ, ಅದೇ ಬೆರಳು, ಅದೇ ಶಾಯಿ. ಇನ್ನೂರರೊಳಗಿನ ಸೋಲಿನಿಂದ ತೊಡಗಿ ಹದಿಮೂರು ಸಾವಿರದ ಗೆಲುವು ಕಂಡು ಮೂರನೆಯ ಸ್ಥಾನದಲ್ಲಿ ಮುಗಿದ ಚುನಾವಣೆಗಳ ಕಥೆ ಇದು. ಅವರು 2018ರ ಜುಲೈ 27ರಂದು ತೀರಿಕೊಂಡರು.

2011ರಲ್ಲಿ ಲೀಗಿನ ಪಿ.ಬಿ. ಅಬ್ದುಲ್ ರಝಾಕ್ ಅವರು 49,817 ಮತ ಪಡೆದು, 43,989 ಪಡೆದ ಭಾರತೀಯ ಜನತಾ ಪಕ್ಷದ ಕೆ. ಸುರೇಂದ್ರನ್ ಅವರನ್ನು ಸೋಲಿಸಿದರು. ಗೆದ್ದಿದ್ದ ಕುಂಞಂಬು ಅವರು 35,067 ಮತಗಳೊಂದಿಗೆ ಮೂರನೆಯವರಾದರು. ಮುಂದೆ 2021ರಲ್ಲಿ ಅವರು ಉದುಮ ಕ್ಷೇತ್ರದಿಂದ ಗೆದ್ದು ಮತ್ತೆ ವಿಧಾನಸಭೆಗೆ ಹೋದರು.

ಇಲ್ಲಿಗೆ ನನ್ನ ಸ್ವಂತ ಪುಟ ಬರುತ್ತದೆ. ಬರೆಯಲು ನಾಚಿಕೆಯಾಗುತ್ತದೆ, ಆದರೆ ಲೆಕ್ಕ ಬರೆಯುವವನು ತನ್ನ ತಪ್ಪು ನಮೂದನ್ನು ಮಾತ್ರ ಬಿಟ್ಟು ಬರೆಯುವಂತಿಲ್ಲ.

2016ರ ಮೇ 16, ಸೋಮವಾರ. ಅಂದು ಮತದಾನ. ಅದಕ್ಕೆ ಕೆಲವು ದಿನ ಮುಂಚೆ ಒಂದು ಸರಕಾರಿ ಕಚೇರಿಯಲ್ಲಿ ನನಗೊಂದು ಅವಮಾನವಾಗಿತ್ತು. ಜಾಗದ ತೆರಿಗೆಯ ವಿಷಯವಾಗಿ ಕನ್ನಡದಲ್ಲಿ ಅರ್ಜಿ ಬರೆದುಕೊಂಡು ಹೋಗಿದ್ದೆ. ಮೇಜಿನ ಆಚೆ ಇದ್ದವರು ಅದನ್ನು ಮುಟ್ಟಲೂ ಇಲ್ಲ. ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಎಂದರು. ಮಲಯಾಳ ನನಗೆ ಮಾತಾಡಲು ಬರುತ್ತದೆ, ಬರೆಯಲು ಬಾರದು. ಮೂವತ್ತಕ್ಕೂ ಹೆಚ್ಚು ವರ್ಷ ಇನ್ನೊಬ್ಬರಿಗೆ ಚಲನು ತುಂಬಿಸಿ ಕೊಟ್ಟವನು, ಅಂದು ಹೊರಗೆ ಮರದ ಕೆಳಗೆ ಕೂತಿದ್ದ ಬರವಣಿಗೆಯವನಿಗೆ ಹಣ ಕೊಟ್ಟು ನನ್ನದೇ ಅರ್ಜಿ ಬರೆಸಿಕೊಂಡೆ. ಮನೆಗೆ ಬಂದವನು ಹೆಂಡತಿಯೊಡನೆ ಹೇಳಿದೆ: ಈ ಸಲ ಮತವೂ ಇಲ್ಲ, ಮಣ್ಣೂ ಇಲ್ಲ. ಯಾರು ಗೆದ್ದರೂ ನಮ್ಮ ಅರ್ಜಿ ಓದುವವರಿಲ್ಲ. ಹಾಗೆಂದು ಇಬ್ಬರೂ ಮಂಗಳೂರಿನಲ್ಲಿದ್ದ ಮಗಳ ಮನೆಗೆ ಹೋಗಿ ಕೂತೆವು. ಸಂಜೆ ಅಲ್ಲಿ ಹಲಸಿನ ಹಣ್ಣಿನ ಗಟ್ಟಿ ತಿಂದದ್ದೂ ನೆನಪಿದೆ.

ಮೇ 19ರಂದು ಎಣಿಕೆ. ಅಬ್ದುಲ್ ರಝಾಕ್ 56,870. ಸುರೇಂದ್ರನ್ 56,781. ಮೂರನೆಯವರಾಗಿ ಕುಂಞಂಬು 42,565. ನಾನು ಅಭ್ಯಾಸಬಲದಿಂದ ಕೂಡಲೇ ಕಳೆದೆ: ಎಂಬತ್ತೊಂಬತ್ತು. ತಪ್ಪಿರಬೇಕೆಂದು ಕಾಗದದ ಮೇಲೆ ಇನ್ನೊಮ್ಮೆ ಕಳೆದೆ. ಎಂಬತ್ತೊಂಬತ್ತೇ. ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟು ಜನ ಮತ ಹಾಕಿದ ಕಡೆ ಎಂಬತ್ತೊಂಬತ್ತು! ಮದುವೆಯ ದಿನ ಕುಂಬಳೆಯಿಂದ ಹೊರಡುವ ಒಂದು ಬಸ್ಸಿನೊಳಗೆ ಅಷ್ಟು ಜನ ಇರುತ್ತಾರೆ. ಯಾರೂ ಬೇಡವೆಂದು ನೋಟಾ ಒತ್ತಿದವರೇ ಅದಕ್ಕಿಂತ ಹೆಚ್ಚಿದ್ದರು. ಸುರೇಂದ್ರನ್ ಅವರ ಹೆಸರನ್ನು ಹೋಲುವ ಹೆಸರಿನ ಇನ್ನೊಬ್ಬ ಅಭ್ಯರ್ಥಿಗೆ ಬಿದ್ದ ಮತಗಳು ನಾನೂರಕ್ಕೂ ಮೇಲೆ.

ನಾವಿಬ್ಬರು ಮತ ಹಾಕಿದ್ದರೆ ಫಲಿತಾಂಶ ಬದಲಾಗುತ್ತಿರಲಿಲ್ಲ, ಸರಿ. ಯಾರಿಗೆ ಹಾಕುತ್ತಿದ್ದೆವೆಂದೂ ನಾನು ಹೇಳುವುದಿಲ್ಲ. ಗಿರಾಕಿಯ ಖಾತೆಯಲ್ಲಿ ಎಷ್ಟಿದೆ ಎಂಬುದನ್ನೂ ಮತ ಯಾರಿಗೆಂಬುದನ್ನೂ ಹೊರಗೆ ಹೇಳಬಾರದು. ಆದರೆ ನಮ್ಮ ಬೀದಿಯಲ್ಲಿ ನನ್ನ ಹಾಗೆ ಸಿಟ್ಟಿನಿಂದ ಮನೆಯಲ್ಲಿ ಕೂತವರನ್ನು ನಾನೇ ಬಲ್ಲೆ, ಆರೇಳು ಮಂದಿ. ಅಂಥ ಬೀದಿಗಳು ಹದಿನೈದಿದ್ದರೆ ಸಾಕಿತ್ತು. ಒಂದು ರೂಪಾಯಿ ಹೊಂದಲಿಲ್ಲವೆಂದು ರಾತ್ರಿ ಒಂಬತ್ತರ ತನಕ ಕೂರುತ್ತಿದ್ದವನು, ಆ ದಿನ ಎರಡು ಮತಗಳನ್ನು ಖಾತೆಗೇ ಹಾಕದೆ ಬಂದಿದ್ದೆ.

ಮುಂದೆ ನಡೆದದ್ದು ತಮಗೆ ಗೊತ್ತಿರಬಹುದು. ಸುರೇಂದ್ರನ್ ಅವರು ಸತ್ತವರ ಮತ್ತು ವಿದೇಶದಲ್ಲಿದ್ದವರ ಹೆಸರಿನಲ್ಲಿ ಕಳ್ಳಮತ ಬಿದ್ದಿದೆಯೆಂದು ಹೈಕೋರ್ಟಿಗೆ ಹೋದರು. ವಿಚಾರಣೆ ಮುಗಿಯುವ ಮೊದಲೇ, 2018ರ ಅಕ್ಟೋಬರ್ 20ರಂದು, ಅಬ್ದುಲ್ ರಝಾಕ್ ಅವರು ತೀರಿಕೊಂಡರು. ಅರ್ಜಿ ಬಾಕಿ ಇದ್ದುದರಿಂದ ಉಪಚುನಾವಣೆಯೂ ತಡವಾಯಿತು. 2019ರಲ್ಲಿ ಅರ್ಜಿಯನ್ನು ಹಿಂದಕ್ಕೆ ಪಡೆದ ಮೇಲೆ ಅಕ್ಟೋಬರ್ 21ರಂದು ಮತದಾನ ನಡೆಯಿತು. ಅಲ್ಲಿಯವರೆಗೆ ಒಂದು ವರ್ಷ ಮಂಜೇಶ್ವರಕ್ಕೆ ಶಾಸಕರೇ ಇರಲಿಲ್ಲ. 89 ಮತಗಳ ಅಂತರದ ಬಡ್ಡಿಯನ್ನು ಇಡೀ ಕ್ಷೇತ್ರ ಕಟ್ಟಿತು. ಉಪಚುನಾವಣೆಯಲ್ಲಿ ಲೀಗಿನ ಎಂ.ಸಿ. ಕಮರುದ್ದೀನ್ 65,407 ಮತ ಪಡೆದು ಗೆದ್ದರು. ಭಾರತೀಯ ಜನತಾ ಪಕ್ಷದ ರವೀಶ ತಂತ್ರಿ ಕುಂಟಾರು 57,484, ಮಾರ್ಕ್ಸಿಸ್ಟ್ ಪಕ್ಷದ ಶಂಕರ ರೈ 38,233. ಅಂತರ 7,923. ಅಂದು ಬೆಳಿಗ್ಗೆ ಏಳು ಗಂಟೆಗೆ ನಾವಿಬ್ಬರೂ ಸಾಲಿನಲ್ಲಿದ್ದೆವು.

2021ರ ಏಪ್ರಿಲ್ 6ರ ಚುನಾವಣೆಯಲ್ಲಿ ಸುರೇಂದ್ರನ್ ಅವರು ಮತ್ತೆ ಬಂದರು. ಆಗ ಅವರು ತಮ್ಮ ಪಕ್ಷದ ರಾಜ್ಯಾಧ್ಯಕ್ಷರು. ಎದುರಿಗೆ ಮಂಜೇಶ್ವರ ಬ್ಲಾಕ್ ಪಂಚಾಯತಿನ ಅಧ್ಯಕ್ಷರಾಗಿದ್ದ ಲೀಗಿನ ಎ.ಕೆ.ಎಂ. ಅಶ್ರಫ್. ಮೇ 2ರಂದು ಎಣಿಕೆ: ಅಶ್ರಫ್ 65,758, ಸುರೇಂದ್ರನ್ 65,013. ಅಂತರ 745. 1987ರಿಂದ 2021ರವರೆಗಿನ ಒಂಬತ್ತು ಸ್ಪರ್ಧೆಗಳಲ್ಲೂ ಭಾರತೀಯ ಜನತಾ ಪಕ್ಷಕ್ಕೆ ಎರಡನೆಯ ಸ್ಥಾನ. ಒಂದು ಪಕ್ಷ ಇಷ್ಟು ಸಲ ಬಾಗಿಲ ತನಕ ಬಂದು ಮರಳಿದ ಕ್ಷೇತ್ರ ಅಪರೂಪ.

ಇನ್ನು ಆ ತಾರೀಕಿಗೆ ಬರುತ್ತೇನೆ. 2021ರ ಮೇ 24. ಕಾಸರಗೋಡು ಜಿಲ್ಲೆ ಹುಟ್ಟಿ ಸರಿಯಾಗಿ 37 ವರ್ಷ ತುಂಬಿದ ದಿನ. ತಿರುವನಂತಪುರದಲ್ಲಿ ಹೊಸ ಶಾಸಕರು ಪ್ರಮಾಣವಚನ ತೆಗೆದುಕೊಂಡರು. ಒಂದನೆಯ ನಂಬರಿನ ಕ್ಷೇತ್ರದ ಅಶ್ರಫ್ ಅವರು ಎದ್ದು ನಿಂತು ಪ್ರಮಾಣವಚನ ಓದಿದ್ದು ಕನ್ನಡದಲ್ಲಿ. ನಾನು ಟಿ.ವಿ.ಯ ಮುಂದೆ ಕೂತಿದ್ದೆ. ಅಕ್ಷರ ಅಕ್ಷರವೂ ಕೇಳಿಸಿತು. ನನ್ನ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ನಿಂತಳು.

ಓದುಗರೇ, ನನ್ನ ಎಳೆತನದಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಹಿರಿಯರು ಹೇಳುತ್ತಿದ್ದುದು ಒಂದೇ: ನಮ್ಮವರು ಗೆದ್ದರೆ ಕನ್ನಡ ಉಳಿಯುತ್ತದೆ, ಪರರು ಗೆದ್ದರೆ ಅಳಿಯುತ್ತದೆ. ನಮ್ಮವರು ಯಾರು, ಪರರು ಯಾರು ಎಂಬುದನ್ನು ಅವರು ಹೆಸರು ನೋಡಿ ಹೇಳುತ್ತಿದ್ದರು. ನಾನೂ ಬಹಳ ಕಾಲ ಹಾಗೆಯೇ ನಂಬಿದ್ದೆ. ಈ ಖಾತೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಮೇಲೆ ಆ ನಂಬಿಕೆ ಹೊಂದುತ್ತಿಲ್ಲ. ಕನ್ನಡಕ್ಕಾಗಿಯೇ ಮೂರು ಸಲ ಆರಿಸಿ ಕಳಿಸಿದವರಿಂದ ವಿಲೀನವಾಗಲಿಲ್ಲ. ಅದು ಅವರ ತಪ್ಪಲ್ಲ, 126ರಲ್ಲಿ ಒಬ್ಬರು, 133ರಲ್ಲಿ ಇಬ್ಬರು ಏನು ಮಾಡಿಯಾರು? ಕನ್ನಡದ ಹೆಸರು ಹೇಳದೆ ಗೆದ್ದವರ ಬಾಯಿಂದ ಆ ಸಭೆಯಲ್ಲಿ ಕನ್ನಡ ಕೇಳಿಸಿತು. ಪ್ರಮಾಣವಚನದಿಂದ ಹೊಟ್ಟೆ ತುಂಬುವುದಿಲ್ಲ ಎಂದು ತಾವು ಹೇಳಿದರೆ ನಾನು ಒಪ್ಪುತ್ತೇನೆ. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿಯಬೇಕಾಯಿತು. ಕೇಳದೆ ಯಾವುದೂ ಸಿಗಲಿಲ್ಲ.

ಆದರೆ ಕೇಳುವುದಕ್ಕೆ ನಮ್ಮ ಕೈಯಲ್ಲಿ ಏನಿದೆ ಎಂಬುದನ್ನು ಮೊದಲು ತಿಳಿಯಬೇಕು. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಯಾವ ಪ್ರಜೆಯೂ ತನ್ನ ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದು. 350-ಎ ಪ್ರಕಾರ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ರಾಜ್ಯ ಅನುಕೂಲ ಮಾಡಲು ಯತ್ನಿಸಬೇಕು. 210ನೆಯ ಅನುಚ್ಛೇದದ ಪ್ರಕಾರ ಬೇರೆ ಭಾಷೆಯಲ್ಲಿ ಸರಿಯಾಗಿ ಹೇಳಲಾಗದ ಶಾಸಕರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. 1969ರ ಕೇರಳದ ಆಡಳಿತ ಭಾಷಾ ಕಾನೂನಿನಲ್ಲೂ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ಮಾಡುವ ಹಕ್ಕನ್ನು ಉಳಿಸಿದ್ದರು. ಅಂದರೆ 2016ರಲ್ಲಿ ನಾನು ಆ ಮೇಜಿನ ಮುಂದೆ ನಿಂತಾಗ ಹಕ್ಕು ನನ್ನ ಕಡೆಗೇ ಇತ್ತು. ನನಗೆ ಅದು ತಿಳಿದಿರಲಿಲ್ಲ. ತಿಳಿದಿದ್ದರೆ ಮರದ ಕೆಳಗೆ ಕೂತವನಿಗೆ ಕೊಟ್ಟ ಹಣ ಉಳಿಯುತ್ತಿತ್ತು, ಸಿಟ್ಟನ್ನು ಮತದ ಮೇಲೆ ತೀರಿಸುವ ಮೂರ್ಖತನವೂ ಉಳಿಯುತ್ತಿತ್ತು.

ಈಗ ಖಾತೆ ಮುಚ್ಚುವ ಹೊತ್ತು. 1957ರಿಂದ 2021ರವರೆಗೆ 16 ಸಾರ್ವತ್ರಿಕ ಚುನಾವಣೆ, ಒಂದು ಉಪಚುನಾವಣೆ, ಒಟ್ಟು 17. ಗೆದ್ದವರು ಒಂಬತ್ತು ಮಂದಿ. ಉಮೇಶ ರಾಯರು ಒಂದು, ಮಹಾಬಲ ಭಂಡಾರಿಯವರು ಮೂರು, ರಾಮಪ್ಪನವರು ಎರಡು, ಸುಬ್ಬರಾಯರು ಎರಡು, ಚೆರ್ಕಳಂ ನಾಲ್ಕು, ಕುಂಞಂಬು ಒಂದು, ರಝಾಕ್ ಎರಡು, ಕಮರುದ್ದೀನ್ ಒಂದು, ಅಶ್ರಫ್ ಒಂದು. ಕೂಡಿ ನೋಡಿ: ಹದಿನೇಳು. ಎರಡೂ ಬದಿ ಹೊಂದಿತು.

ಹೊಂದದೆ ಉಳಿದದ್ದು ನನ್ನ ಆ ಎರಡು ಮತಗಳು ಮಾತ್ರ. ತಮ್ಮ ಊರಿನಲ್ಲೂ ಕನ್ನಡದವರು ಬೆರಳೆಣಿಕೆಯಷ್ಟೇ ಇರಬಹುದು. ನಾವು ಇಷ್ಟು ಜನ ಹೋಗಿ ಏನಾದೀತು ಎಂಬ ಮಾತು ಅಲ್ಲಿಯೂ ಇರಬಹುದು. ಆಗ ತಾವು ಮಂಜೇಶ್ವರದ ಎಂಬತ್ತೊಂಬತ್ತನ್ನು ನೆನಪು ಮಾಡಿಕೊಳ್ಳಿ. ಮತ ಕೇಳಲು ಬಂದವರೊಡನೆ, ಅವರು ಯಾವ ಪಕ್ಷದವರಾಗಲಿ, ಯಾವ ಭಾಷೆಯವರಾಗಲಿ, ಒಂದೇ ಪ್ರಶ್ನೆ ಕೇಳಿ: ನನ್ನ ಮಗುವಿನ ಕನ್ನಡ ಶಾಲೆಗೆ ಮೇಷ್ಟ್ರನ್ನು ಕೊಡಿಸುತ್ತೀರಾ, ನನ್ನ ಕನ್ನಡ ಅರ್ಜಿಯನ್ನು ಓದಿಸುತ್ತೀರಾ? ಉತ್ತರ ಕೇಳಿಸಿಕೊಂಡು, ಮತದಾನದ ದಿನ ಮಗಳ ಮನೆಗೆ ಹೋಗದೆ, ಸಾಲಿನಲ್ಲಿ ನಿಲ್ಲಿ. ನಮ್ಮಲ್ಲಿ ಮತಯಂತ್ರದ ಮೇಲೆ ಅಭ್ಯರ್ಥಿಗಳ ಹೆಸರು ಮಲಯಾಳದ ಜೊತೆಗೆ ಕನ್ನಡದಲ್ಲೂ ಇರುತ್ತದೆ. ಅದನ್ನು ಓದಿ ಗುಂಡಿ ಒತ್ತುವವರು ಬಾರದೆ ಹೋದರೆ, ಆ ಅಕ್ಷರಗಳನ್ನು ಯಾರಿಗಾಗಿ ಅಚ್ಚು ಹಾಕುವುದು ಎಂದು ಯಾರಾದರೂ ಒಂದು ದಿನ ಕೇಳಿಯಾರು.